ಸಿಂಗಾಪುರದಲ್ಲಿ ನಿಮ್ಮ ಮೊದಲ ದೀಪಾವಳಿಗೆ

ಮೊದಲು ರಜೆಯ ಮಾತು. ಊರಿನಲ್ಲಿ ತ್ರಯೋದಶಿಯ ಸಂಜೆ ನೀರು ತುಂಬಿದರೆ ಬಲಿಪಾಡ್ಯಮಿಯವರೆಗೂ ಹಬ್ಬವೇ. ಇಲ್ಲಿ ಸರ್ಕಾರಿ ರಜೆ ಒಂದೇ ದಿನ, ಅದೂ ಸಾಮಾನ್ಯವಾಗಿ ತಮಿಳರ ಪದ್ಧತಿಯಂತೆ ನರಕ ಚತುರ್ದಶಿಗೆ. ಭಾನುವಾರ ಬಿದ್ದರೆ ಸೋಮವಾರ ರಜೆ. ಪಾಡ್ಯದ ದಿನಕ್ಕೆ ಕಚೇರಿಯಲ್ಲಿ ಈಗಲೇ ರಜೆ ಕೇಳಿಡಿ. ರಜೆಯಿಲ್ಲವೆಂದು ಪಾಡ್ಯವನ್ನೇ ಬಿಟ್ಟ ಮನೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮಲೆನಾಡಿನವರಾದ ನಮಗೆ ಇದು ದೊಡ್ಡಹಬ್ಬ, ಬಲೀಂದ್ರನಿಲ್ಲದೆ ಅದು ಮುಗಿಯುವುದಿಲ್ಲ.

ಹಂಡೆಯಿಲ್ಲ, ಒಲೆಯಿಲ್ಲ ಎಂದು ಕೊರಗಬೇಡಿ. ತಾಮ್ರದ ಬಿಂದಿಗೆಯೊಂದನ್ನು ತೊಳೆದು, ಕೊರಳಿಗೆ ಹೂವು ಸುತ್ತಿ, ಅರಿಶಿನ ಕುಂಕುಮ ಹಚ್ಚಿ ಸಂಜೆಯೇ ನೀರು ತುಂಬಿಸಿಡಿ. ಬೆಳಿಗ್ಗೆ ಆ ನೀರನ್ನೇ ಬಿಸಿ ನೀರಿಗೆ ಬೆರೆಸಿ ಮಕ್ಕಳ ತಲೆಗೆ ಎರೆಯಿರಿ. ಇಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆಯ ಹತ್ತಿರ. ಐದೂವರೆಗೆ ಎದ್ದರೂ ಎಣ್ಣೆ ಮೈಗೆ ಹೀರುವಷ್ಟು ಹೊತ್ತು ಸಿಗುತ್ತದೆ.

ಹೂವು, ಬಾಳೆಎಲೆ, ವೀಳ್ಯದೆಲೆಗೆ ಲಿಟಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆಗೆ ಹೋಗಿ. ಅಂಗಡಿಯವರು ಹೆಚ್ಚಾಗಿ ತಮಿಳರು. ‘ಮಾವಿಲೈ’ ಎಂದರೆ ತೋರಣದ ಎಲೆ ಕೈಗೆ ಬರುತ್ತದೆ. ಹಬ್ಬದ ಹಿಂದಿನ ಸಂಜೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಎರಡು ದಿನ ಮೊದಲೇ ಮುಗಿಸಿಬಿಡಿ. ಸೆರಂಗೂನ್ ರಸ್ತೆಯ ದೀಪಾಲಂಕಾರವನ್ನು ಮಾತ್ರ ಬೇರೆ ರಾತ್ರಿ ಮಕ್ಕಳೊಂದಿಗೆ ನಿಧಾನವಾಗಿ ನಡೆದು ನೋಡಿ.

ಪಟಾಕಿಯ ವಿಷಯದಲ್ಲಿ ಎಚ್ಚರ. 1972ರಿಂದ ಇಲ್ಲಿ ಅದಕ್ಕೆ ಕಾನೂನಿನ ನಿಷೇಧವಿದೆ. ಊರಿನಿಂದ ಬರುವಾಗ ಪೆಟ್ಟಿಗೆಯಲ್ಲಿ ಒಂದು ಸರವನ್ನೂ ತರಬೇಡಿ, ಬರುವ ಅತ್ತೆ ಮಾವಂದಿರಿಗೂ ಹೇಳಿಡಿ. ಇಲ್ಲಿಯ ಅಂಗಡಿಗಳಲ್ಲೇ ಸಿಗುವ ಸುರುಸುರುಬತ್ತಿ ಸಾಕು, ಅದನ್ನೂ ಬಯಲಿನಲ್ಲಿ ಹಚ್ಚಿ.

ಸರ್ಕಾರಿ ವಸತಿ ಕಟ್ಟಡಗಳಲ್ಲಿ ಬಾಗಿಲ ಮುಂದಿನ ಓಣಿ ಎಲ್ಲರದು. ರಂಗೋಲಿ, ದೀಪ ಏನಿಟ್ಟರೂ ಜನ ಓಡಾಡಲು 1.2 ಮೀಟರ್ ದಾರಿ ಬಿಡಬೇಕು. ಹಣತೆಗಳನ್ನು ತಟ್ಟೆಯಲ್ಲಿಡಿ, ಮಲಗುವ ಮುನ್ನ ಶಾಂತ ಮಾಡಿ. ಪಕ್ಕದ ಮನೆಯವರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿದರೆ ಅವರೇ ಚಪ್ಪಲಿ ಗೂಡನ್ನು ಸರಿಸಿಕೊಡುತ್ತಾರೆ; ನಮ್ಮ ಮಹಡಿಯ ಚೀನೀ ಅಜ್ಜಿ ಪ್ರತಿವರ್ಷ ಹಾಗೆಯೇ ಮಾಡುತ್ತಾರೆ.

ಆ ಅಜ್ಜಿಯನ್ನು ಊಟಕ್ಕೂ ಕರೆಯುತ್ತೇವೆ. ಹಬ್ಬದ ದಿನ ನೆರೆಯವರಿಗೆ ಬಾಗಿಲು ತೆರೆದಿಡುವುದು ಇಲ್ಲಿಯ ಚೆಂದದ ರೂಢಿ. ಬೌದ್ಧರಲ್ಲಿ ಕೆಲವರು ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ, ನಮ್ಮ ಹಬ್ಬದಡುಗೆ ಅವರಿಗೆ ಸಲೀಸು. ಮಲಯ್ ನೆರೆಯವರು ನಮ್ಮ ಪಾತ್ರೆಯ ಅಡುಗೆಗೆ ಹಿಂಜರಿದರೆ ನೊಂದುಕೊಳ್ಳಬೇಡಿ. ಹಲಾಲ್ ಮುದ್ರೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ಮೊದಲೇ ತಂದಿಡಿ. ಚಕ್ಕುಲಿಯನ್ನು ಎಲ್ಲರೂ ಮುರುಕ್ಕು ಎಂದೇ ಕೇಳುತ್ತಾರೆ, ಎರಡು ಡಬ್ಬಿ ಹೆಚ್ಚೇ ಕರಿಯಿರಿ.

ಇನ್ನು ಪಾಡ್ಯದ ರಾತ್ರಿ. ತೀರ್ಥಹಳ್ಳಿಯ ಕಡೆ ಹಾಡುತ್ತಾ ದೀಪ ಹೊತ್ತು ಮನೆ ಮನೆಗೆ ಬರುವ ಅಂಟಿಗೆ ಪಂಟಿಗೆಯವರನ್ನು ಬಲ್ಲವರಿಗೆ ಇದು ಅರ್ಥವಾದೀತು. ನಮ್ಮ ಕಟ್ಟಡದಲ್ಲಿ ಕನ್ನಡದ ಮನೆಗಳು ನಾಲ್ಕಿವೆ. ಬಲೀಂದ್ರನ ಮುಂದೆ ಹಚ್ಚಿದ ದೀಪವನ್ನು ಗಾಜಿನ ಚಿಮಣಿಯೊಳಗಿಟ್ಟು, ಮೆಟ್ಟಿಲು ಹತ್ತಿ ಮೂರೂ ಮನೆಗೆ ಒಯ್ಯುತ್ತೇವೆ. ಮನೆಯಾಕೆ ಅದಕ್ಕೆ ಒಂದು ಚಮಚ ಎಣ್ಣೆ ಎರೆಯುತ್ತಾಳೆ, ಆ ದೀಪದಿಂದಲೇ ತನ್ನ ಹೊಸ್ತಿಲ ಹಣತೆ ಹಚ್ಚಿಕೊಳ್ಳುತ್ತಾಳೆ. ಹಾಡು ಪೂರ್ತಿ ಬರುವುದು ನನಗೊಬ್ಬಳಿಗೇ. ಮಕ್ಕಳು ‘ದೀಪೋಳಿಗೆ’ ಎಂದು ದನಿಗೂಡಿಸುತ್ತಾರೆ. ನೀವು ಹತ್ತಿರದಲ್ಲೇ ಮನೆ ಮಾಡಿದ್ದರೆ ತಿಳಿಸಿ, ಈ ಸಲ ಐದನೆಯ ಬಾಗಿಲಿಗೂ ಬರುತ್ತೇವೆ. ಎಣ್ಣೆ ತೆಗೆದಿಡಿ.