ಮೊದಲು ತಗ್ಗಿಸಿದೆ, ಆಮೇಲೆ ಸರಿಮಾಡಿದೆ

"ಏನೋ ಇದು, ಕುದುರೆ ಮೇಲೆ ಕೂತ ಹಾಗಿದೆಯಲ್ಲೋ!"

ಹಿಂದಿನ ಸೀಟಿನಿಂದ ಅಮ್ಮ ಹೀಗಂದಾಗ ಕಾರಿಗೆ ಹೊಸ ಸ್ಪ್ರಿಂಗ್ ಹಾಕಿ ಮೂರೇ ದಿನ ಆಗಿತ್ತು. "ಸ್ಪೋರ್ಟ್ಸ್ ಸಸ್ಪೆನ್ಷನ್ ಅಂದ್ರೆ ಹೀಗೇ ಅಮ್ಮ" ಅಂತ ಏನೋ ಒಂದು ಹೇಳಿ ಸುಮ್ಮನಾಗಿಸಿದೆ. ಆದರೆ ಎಲ್ಲೋ ಎಡವಟ್ಟಾಗಿದೆ ಅನ್ನುವುದು ನನಗೂ ಒಳಗೊಳಗೇ ಗೊತ್ತಿತ್ತು.

ನನ್ನದು ಚಿಕ್ಕ ಟರ್ಬೊ ಹ್ಯಾಚ್‌ಬ್ಯಾಕ್. ಎಂಜಿನ್ನಿನ ಶಕ್ತಿ ಮುಂದಿನ ಚಕ್ರಕ್ಕೆ. ಸಸ್ಪೆನ್ಷನ್ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಅದರ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್ (ಶಾಕ್) ಒಂದೇ ಕಂಬವಾಗಿರುವ ಬಗೆ. ಹಿಂದೆ ಟ್ವಿಸ್ಟ್ ಬೀಮ್, ಅಂದರೆ ಎರಡೂ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ಒಂದು ತೊಲೆ. ವಾರವಿಡೀ ಆಫೀಸಿಗೆ ಹೋಗುವುದೂ ಇದರಲ್ಲೇ, ರಜೆ ದಿನ ಬೇಗ ಎಚ್ಚರವಾದರೆ ಬೆಟ್ಟದ ತಿರುವುಗಳಿಗೆ ಓಡುವುದೂ ಇದರಲ್ಲೇ. ಬೇರೆ ಕಾರಿಲ್ಲ. ಹಾಗಾಗಿ ಇದಕ್ಕೆ ಏನು ಕಿತಾಪತಿ ಮಾಡಿದರೂ ಅದನ್ನು ದಿನಾ ಅನುಭವಿಸಬೇಕಾದವನು ನಾನೇ.

85 ಸಾವಿರ ಕಿಲೋಮೀಟರ್ ಆದಾಗ ಶಾಕ್ಸ್ ಸೋತಿದ್ದವು. ಬ್ರೇಕ್ ಒತ್ತಿದರೆ ಮೂತಿ ನೆಲ ಮುಟ್ಟುವ ಹಾಗೆ ಬಾಗುತ್ತಿತ್ತು. ಹಂಪ್ ಇಳಿದ ಮೇಲೆ ಒಂದಕ್ಕೆ ನಿಲ್ಲದೆ ಎರಡು ಮೂರು ಸಲ ತೂಗಾಡುತ್ತಿತ್ತು. ಆಗ ಮಾಡಬೇಕಾಗಿದ್ದದ್ದು ಶಾಕ್ಸ್ ಬದಲಿಸುವ ಕೆಲಸ. ನಾನು ಮಾಡಿದ್ದು ಸ್ಪ್ರಿಂಗ್ ಬದಲಿಸುವ ಕೆಲಸ. 40 ಮಿಲಿಮೀಟರ್ ತಗ್ಗಿಸುವ ಸ್ಪ್ರಿಂಗ್ ತಂದು, ಅವೇ ಹಳೇ ಶಾಕ್ಸ್ ಮೇಲೆ ಕೂರಿಸಿದೆ. ನಿಂತಾಗ ಕಾರು ಚೆನ್ನಾಗಿ ಕಾಣುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಶುರುವಾಗುತ್ತಿದ್ದದ್ದು ಹೊರಟ ಮೇಲೆ.

ಏನಾಗಿತ್ತು ಅಂತ ಅರ್ಥವಾಗಲು ಒಂದು ಕೇಬಲ್ ಟೈ ಸಾಕಾಯಿತು. ಸ್ಟ್ರಟ್‌ನ ಧೂಳು ತಡೆಯುವ ರಬ್ಬರ್ ಬೂಟು ಮೇಲೆತ್ತಿ, ಹೊಳೆಯುವ ರಾಡ್‌ಗೆ ಟೈ ಕಟ್ಟಿ, ಶಾಕ್‌ನ ಬಾಯಿಯವರೆಗೆ ಇಳಿಸಿಬಿಟ್ಟೆ. ಬಿಗಿಯಾಗಿ ಅಲ್ಲ, ಬೆರಳಲ್ಲಿ ತಳ್ಳಿದರೆ ಜಾರುವಷ್ಟು. ಚಕ್ರ ಮೇಲೆ ಬಂದಾಗ ಶಾಕ್‌ನ ದೇಹ ಈ ಟೈಯನ್ನು ಮೇಲಕ್ಕೆ ತಳ್ಳುತ್ತದೆ. ಚಕ್ರ ಕೆಳಗಿಳಿದರೂ ಟೈ ಅಲ್ಲೇ ಉಳಿಯುತ್ತದೆ. ಮಾಮೂಲಿ ದಾರಿಯಲ್ಲಿ ಒಂದು ಸಲ ಹೋಗಿ ಬಂದು ನೋಡಿದರೆ, ಟೈ ನೇರ ಹೋಗಿ ಬಂಪ್ ಸ್ಟಾಪ್‌ಗೆ, ಅಂದರೆ ಸ್ಟ್ರಟ್ ಪೂರ್ತಿ ಕುಗ್ಗದಂತೆ ಮೇಲ್ತುದಿಯಲ್ಲಿ ತಡೆಯುವ ಉಂಡೆಗೆ, ಅಂಟಿಕೊಂಡಿತ್ತು. ಅಳೆದೆ. ಕಾರು ಸುಮ್ನೆ ನಿಂತಿರುವಾಗಲೇ ಶಾಕ್‌ನ ಬಾಯಿಗೂ ಬಂಪ್ ಸ್ಟಾಪ್‌ಗೂ ನಡುವೆ ಉಳಿದಿದ್ದದ್ದು ಆರೇಳು ಮಿಲಿಮೀಟರ್! ಕಂಪನಿ ಸ್ಪ್ರಿಂಗ್ ಇದ್ದಾಗ ಅಲ್ಲಿ 45ರ ಹತ್ತಿರ ಜಾಗ ಇರುತ್ತಿತ್ತು. ನಾನು ಆ ಜಾಗವನ್ನೇ ಚೆಂದಕ್ಕಾಗಿ ತಿಂದುಹಾಕಿದ್ದೆ.

ಅಂದರೆ ಪ್ರತಿ ಸಣ್ಣ ಗುಂಡಿಗೂ ಕಾರು ಸ್ಪ್ರಿಂಗ್ ಮೇಲೆ ಅಲ್ಲ, ಬಂಪ್ ಸ್ಟಾಪ್ ಅನ್ನುವ ಗಟ್ಟಿ ಉಂಡೆಯ ಮೇಲೆ ಬೀಳುತ್ತಿತ್ತು. ಅದನ್ನೇ ನಾನು 'ಸ್ಪೋರ್ಟಿ' ಅಂದುಕೊಂಡಿದ್ದೆ. ಇನ್ನು ಕುದುರೆಯ ಕುಣಿತಕ್ಕೆ ಕಾರಣ ಬೇರೆ. ಸ್ಪ್ರಿಂಗ್ ಕುಗ್ಗಿದ ಮೇಲೆ ಹಿಗ್ಗುವಾಗ ಅದನ್ನು ಹಿಡಿದು ನಿಲ್ಲಿಸುವವರು ಶಾಕ್ಸ್. ಹೊಸ ಸ್ಪ್ರಿಂಗ್ ಬಿರುಸು, ಹಿಡಿಯುವ ಶಾಕ್ ಮುದುಕ. ಹಿಡಿತಕ್ಕೆ ಸಿಗುವುದೆಲ್ಲಿಂದ?

ತಿರುವಿನಲ್ಲಾದರೂ ಲಾಭ ಇತ್ತಾ ಅಂದರೆ ಅದೂ ಇಲ್ಲ. 1950ರ ಫೋರ್ಡ್ ಕಾನ್ಸಲ್ ಕಾಲದಿಂದ ಮ್ಯಾಕ್‌ಫರ್ಸನ್ ಸ್ಟ್ರಟ್‌ಗೆ ಒಂದು ಸ್ವಭಾವ ಇದೆ. ಕಾರನ್ನು ಜಾಸ್ತಿ ತಗ್ಗಿಸಿದರೆ, ಚಕ್ರವನ್ನು ಕೆಳಗಿನಿಂದ ಬಾಡಿಗೆ ಜೋಡಿಸುವ ಲೋವರ್ ಆರ್ಮ್ ಚಕ್ರದ ಕಡೆ ಮೇಲೆದ್ದು ನಿಲ್ಲುತ್ತದೆ. ಆಗ ರೋಲ್ ಸೆಂಟರ್, ಅಂದರೆ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಕಾರು ಇಳಿದದ್ದಕ್ಕಿಂತ ಜಾಸ್ತಿ ಕೆಳಗೆ ಜಾರುತ್ತದೆ. ಕಾರಿನ ಗುರುತ್ವ ಕೇಂದ್ರಕ್ಕೂ ಆ ಬಿಂದುವಿಗೂ ಇರುವ ಅಂತರವೇ ಕಾರನ್ನು ವಾಲಿಸುವ ಸನ್ನೆಗೋಲು. ಸನ್ನೆಗೋಲನ್ನು ನಾನೇ ಉದ್ದ ಮಾಡಿ, ಆಮೇಲೆ ವಾಲಾಟ ಕಡಿಮೆ ಆಗಲಿ ಅಂತ ಕಾಯುತ್ತಾ ಕೂತಿದ್ದೆ. ಸಾಲದ್ದಕ್ಕೆ ಅಲೈನ್‌ಮೆಂಟ್ ಮಾಡಿಸುವುದನ್ನು ನಾಳೆ ನಾಳೆ ಅಂತ ತಳ್ಳಿದ್ದೆ. ತಗ್ಗಿಸಿದಾಗ ಟೋ, ಅಂದರೆ ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗುತ್ತದೆ. ಮುಂದಿನ ಎರಡು ಟೈರ್‌ಗಳ ಒಳ ಅಂಚು ನಾಲ್ಕೇ ತಿಂಗಳಲ್ಲಿ ನುಣ್ಣಗಾಗಿತ್ತು.

ಎರಡನೇ ಸಲ ಕೂತು ಲೆಕ್ಕ ಹಾಕಿದೆ. ಮನೆಬಳಕೆಯ ಕಾರುಗಳು ಸ್ಪ್ರಿಂಗ್ ಮೇಲೆ ಸೆಕೆಂಡಿಗೆ ಸುಮಾರು 1ರಿಂದ 1.5 ಸಲ ಏರಿಳಿಯುವ ಹಾಗೆ ಇರುತ್ತವೆ. ಸ್ಪೋರ್ಟಿ ಕಾರುಗಳಲ್ಲಿ 1.5ರಿಂದ 2. ಈ ವೇಗ ಸ್ಪ್ರಿಂಗ್ ಬಿರುಸಿನ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ಸ್ಪ್ರಿಂಗ್ 20 ಪರ್ಸೆಂಟ್ ಬಿರುಸಾದರೆ ಏರಿಳಿತ ಹತ್ತೇ ಪರ್ಸೆಂಟ್ ಚುರುಕಾಗುತ್ತದೆ, ಅಷ್ಟನ್ನು ಮೈ ಸಹಿಸುತ್ತದೆ. ಎರಡು ಪಟ್ಟು ಬಿರುಸಾದರೆ 41 ಪರ್ಸೆಂಟ್. ಅದು ದಿನಬಳಕೆಗೆ ಆಗಿಬರುವುದಿಲ್ಲ.

ಇನ್ನೊಂದು ಸಂಗತಿ ಅಮ್ಮನ ಸೀಟಿಗೆ ಸಂಬಂಧಿಸಿದ್ದು. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಓಲಿ ಅನ್ನುವ ಎಂಜಿನಿಯರ್ ಇದನ್ನು ಗುರುತಿಸಿದ್ದರು. ಉಬ್ಬು ಮೊದಲು ಸಿಗುವುದು ಮುಂದಿನ ಚಕ್ರಕ್ಕೆ, ಹಿಂದಿನದಕ್ಕೆ ಸಿಗುವುದು ತುಸು ತಡವಾಗಿ. ಹಿಂಭಾಗ ಸ್ವಲ್ಪ ಚುರುಕಾಗಿ ಏರಿಳಿದರೆ ಮುಂಭಾಗವನ್ನು ಹಿಡಿದುಬಿಡುತ್ತದೆ, ಕಾರು ಒಟ್ಟಿಗೆ ಎದ್ದು ಒಟ್ಟಿಗೆ ಕೂರುತ್ತದೆ. ನನ್ನ ಮೊದಲ ಸ್ಪ್ರಿಂಗ್ ಸೆಟ್‌ನಲ್ಲಿ ಇದು ಉಲ್ಟಾ ಆಗಿತ್ತು. ಮುಂದೆ ಬಿರುಸು, ಹಿಂದೆ ಮೆತ್ತಗೆ. ಹಾಗಾಗಿ ಮುಂದೆ ಇಳಿಯುವಾಗ ಹಿಂದೆ ಏಳುತ್ತಿತ್ತು. ಕುದುರೆ ಅಂದದ್ದರಲ್ಲಿ ತಪ್ಪೇನಿದೆ?

ಕಾಯಿಲ್‌ಓವರ್ ಹಾಕಿಬಿಡು, ಎತ್ತರ ನಿನ್ನ ಕೈಲೇ ಇರುತ್ತೆ ಅಂತ ಗೆಳೆಯರು ಹೇಳಿದರು. ಅಂದರೆ ಥ್ರೆಡ್ ತಿರುಗಿಸಿ ಎತ್ತರ ಬದಲಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಸೆಟ್. ನನಗೆ ಭಯ ಇದ್ದದ್ದೇ ಅದು. ಎತ್ತರ ನನ್ನ ಕೈಯಲ್ಲಿದ್ದರೆ ಒಂದು ತಿಂಗಳಲ್ಲಿ ಮತ್ತೆ ಕೆಳಗಿಳಿಸಿರುತ್ತೇನೆ. ಅವುಗಳ ಸ್ಪ್ರಿಂಗ್ ಕೂಡ ಸಾಮಾನ್ಯವಾಗಿ ದಿನಬಳಕೆಗೆ ಬೇಕಾದ್ದಕ್ಕಿಂತ ಬಿರುಸು. ಮಳೆ, ಕೆಸರು ಕುಡಿದು ಥ್ರೆಡ್ ಹಿಡಿದುಕೊಂಡರೆ ಎತ್ತರ ಬದಲಿಸುವ ಸುಖವೂ ಇಲ್ಲ. ಕೊನೆಗೆ ಆರಿಸಿದ್ದು ಸ್ಪ್ರಿಂಗ್ ಮತ್ತು ಶಾಕ್ ಜೋಡಿಯಾಗಿಯೇ ಬರುವ ಒಂದು ಸೆಟ್. 20 ಮಿಲಿಮೀಟರ್ ಮಾತ್ರ ತಗ್ಗು, ಸ್ಪ್ರಿಂಗ್ ಕಂಪನಿಯದಕ್ಕಿಂತ ಹದಿನೆಂಟು ಇಪ್ಪತ್ತು ಪರ್ಸೆಂಟ್ ಬಿರುಸು, ಶಾಕ್ ಮೋನೋಟ್ಯೂಬ್. ಮೋನೋಟ್ಯೂಬ್‌ನಲ್ಲಿ ಗ್ಯಾಸ್ ಮತ್ತು ಆಯಿಲ್ ನಡುವೆ ತೇಲುವ ಪಿಸ್ಟನ್ ಇರುತ್ತದೆ. ಎರಡೂ ಬೆರೆತು ನೊರೆ ಆಗುವುದಿಲ್ಲ, ಬೆಟ್ಟದ ರಸ್ತೆಯಲ್ಲಿ ಅರ್ಧ ಗಂಟೆ ದುಡಿದರೂ ಹಿಡಿತ ಸಡಿಲವಾಗುವುದಿಲ್ಲ.

ಜೊತೆಗೆ ಸ್ಟ್ರಟ್‌ನ ತಲೆಯನ್ನು ಬಾಡಿಗೆ ಕೂರಿಸುವ ಹೊಸ ಸ್ಟ್ರಟ್ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್, ಲಿಂಕ್ ರಾಡ್, ಲೋವರ್ ಆರ್ಮ್ ಬುಷ್. ಮೊದಲ ಸಲ ಮೌಂಟ್‌ನಲ್ಲಿ ಜಿಪುಣತನ ಮಾಡಿದ್ದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ 'ಟಂಗ್' ಅಂತ ಸದ್ದು ಬರುತ್ತಿತ್ತು. ಸವೆದ ಬೇರಿಂಗ್ ತಿರುಗದೆ ಸ್ಪ್ರಿಂಗೇ ತಿರುಚಿಕೊಂಡು ಬಿಡುಗಡೆಯಾಗುವ ಸದ್ದು ಅದು. ಹೇಗೂ ಸ್ಟ್ರಟ್ ಬಿಚ್ಚುತ್ತೇವೆ, ಒಳಗಿನ ರಬ್ಬರ್ ಸಾಮಾನು ಅದೇ ದಿನ ಹೊಸದಾಗಲಿ.

ಕೆಲಸಕ್ಕೆ ಎರಡು ದಿನ ಹಿಡಿಯಿತು. ಹಿಂದಿನ ರಾತ್ರಿಯೇ ಎಲ್ಲ ಬೋಲ್ಟ್‌ಗೂ ತುಕ್ಕು ಬಿಡಿಸುವ ಆಯಿಲ್ ಹೊಡೆದಿದ್ದೆ, ಆದರೂ ಒಂದು ಲಿಂಕ್ ರಾಡ್ ನಟ್ ಬಗ್ಗಲೇ ಇಲ್ಲ. ಬಾಲ್ ಜಾಯಿಂಟೇ ನಟ್ ಜೊತೆ ಸುತ್ತುತ್ತಿತ್ತು. ಹೇಗೂ ಹೊಸದಿತ್ತು, ಕತ್ತರಿಸಿ ಬಿಸಾಕಿದೆ. ಕಾರು ಜ್ಯಾಕ್ ಮೇಲೆ ಅಲ್ಲ, ಸ್ಟ್ಯಾಂಡ್ ಮೇಲೆ ನಿಂತಿರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ವಿಷಯದಲ್ಲಿ ಮಾತ್ರ ಒಂದು ಮಾತು: ಅಗ್ಗದ ಕೊಕ್ಕೆ ಬಗೆಯದನ್ನು ಕೈಗೆತ್ತಿಕೊಂಡರೆ ನನಗೆ ಇವತ್ತಿಗೂ ಎದೆ ಡವಗುಟ್ಟುತ್ತದೆ. ಎರಡೂ ಬದಿ ಸಮವಾಗಿ, ನಾಲ್ಕಾರು ಸುತ್ತು ಇಲ್ಲಿ ನಾಲ್ಕಾರು ಸುತ್ತು ಅಲ್ಲಿ ಬಿಗಿಯುತ್ತಾ, ಸ್ಪ್ರಿಂಗ್ ಸೀಟಿನಿಂದ ಸಡಿಲವಾಗಿ ಅಲ್ಲಾಡುವವರೆಗೂ ಮೇಲಿನ ನಟ್ ಮುಟ್ಟಲಿಲ್ಲ. ಮುಖವನ್ನು ಸ್ಟ್ರಟ್‌ನ ತುದಿಯ ನೇರಕ್ಕೆ ತರಲಿಲ್ಲ. ಹೊಸ ಶಾಕ್‌ನ ಮೇಲಿನ ನಟ್ ಬಿಗಿಯಲು ಇಂಪ್ಯಾಕ್ಟ್ ಗನ್ ಬೇಡ. ರಾಡ್ ಗಿರಗಿರ ತಿರುಗಿ ಒಳಗಿನ ಸೀಲ್ ಹಾಳಾಗಬಹುದು. ಅಲೆನ್ ಕೀಯಿಂದ ರಾಡ್ ಹಿಡಿದು, ಸ್ಪ್ಯಾನರ್‌ನಿಂದ ಕೈಯಲ್ಲೇ ಬಿಗಿದೆ.

ಹಿಂದೆ ಕೆಲಸ ಸಲೀಸು. ಸ್ಪ್ರಿಂಗ್, ಶಾಕ್ ಬೇರೆ ಬೇರೆ. ಶಾಕ್‌ನ ಕೆಳ ಬೋಲ್ಟ್ ತೆಗೆದು ಬೀಮ್ ಇಳಿಸಿದರೆ ಸ್ಪ್ರಿಂಗ್ ಕೈಗೇ ಬಂತು. ಬ್ರೇಕ್ ಹೋಸ್ ಎಳೆಯದ ಹಾಗೆ ನೋಡಿಕೊಂಡರೆ ಆಯಿತು.

ನಾನು ಕಲಿತದ್ದರಲ್ಲಿ ಬುಷ್ ಪಾಠವೇ ದೊಡ್ಡದು. ಲೋವರ್ ಆರ್ಮ್‌ನ ರಬ್ಬರ್ ಬುಷ್ ಬೇರಿಂಗ್ ತರ ಸುತ್ತುವುದಿಲ್ಲ. ಬೋಲ್ಟ್ ಬಿಗಿದ ತಕ್ಷಣ ಒಳಗಿನ ಲೋಹದ ಕೊಳವೆ ಹಿಡಿದುಕೊಳ್ಳುತ್ತದೆ, ಆಮೇಲೆ ರಬ್ಬರ್ ತಾನೇ ತಿರುಚಿಕೊಂಡು ಆರ್ಮ್‌ಗೆ ಚಲನೆ ಕೊಡುತ್ತದೆ. ಚಕ್ರ ಗಾಳಿಯಲ್ಲಿ ಜೋತುಬಿದ್ದಿರುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲಿರುತ್ತದೆ. ಸವಾರಿ ಬಿರುಸಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಮೊದಲ ಸಲ ಎತ್ತರ ಬದಲಿಸಿದಾಗ ನಾನು ಆ ಬೋಲ್ಟ್‌ಗಳನ್ನು ಮುಟ್ಟಿಯೇ ಇರಲಿಲ್ಲ. ಬಿಚ್ಚಿ ನೋಡಿದರೆ ಎಡಗಡೆ ಬುಷ್‌ನಲ್ಲಿ ಉಗುರು ಹೋಗುವಷ್ಟು ಬಿರುಕು. ಈ ಸಲ ಬೋಲ್ಟ್‌ಗಳನ್ನು ಸಡಿಲ ಬಿಟ್ಟು, ಚಕ್ರಗಳ ಕೆಳಗೆ ಗಟ್ಟಿ ಮರದ ಹಲಗೆ ಜೋಡಿಸಿ, ಕಾರನ್ನು ಅದರ ಭಾರದ ಮೇಲೆ ನಿಲ್ಲಿಸಿದೆ. ನಾಲ್ಕು ಸಲ ಒತ್ತಿ ಬಿಟ್ಟು, ಆಮೇಲೆ ಟಾರ್ಕ್ ರೆಂಚ್‌ನಿಂದ ಬಿಗಿದೆ. ಹಿಂದಿನ ಶಾಕ್‌ನ ಕೆಳ ಬೋಲ್ಟ್‌ಗೂ ಇದೇ ಮರ್ಯಾದೆ.

ಅಲೈನ್‌ಮೆಂಟ್‌ಗೆ ಈ ಸಲ ಆತುರ ಮಾಡಲಿಲ್ಲ, ತಡವೂ ಮಾಡಲಿಲ್ಲ. ಕಣ್ಣಳತೆಯಲ್ಲಿ ಟೋ ಸರಿಮಾಡಿಕೊಂಡು ನಾನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿದೆ. ಸ್ಪ್ರಿಂಗ್ ಕೂತು ಇನ್ನು ಮೂರು ನಾಲ್ಕು ಮಿಲಿಮೀಟರ್ ಇಳಿಯಿತು. ಆಮೇಲೆ ಮೆಷಿನ್ ಮೇಲೆ ಹತ್ತಿಸಿದೆ. ಮುಂದೆ ಟೋ ಸೊನ್ನೆಯ ಹತ್ತಿರ, ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಮೈನಸ್ (ಒಳಕ್ಕೆ) 1.2 ಡಿಗ್ರಿ, ಎರಡೂ ಬದಿ ಸಮ. ಹೆಡ್‌ಲೈಟ್ ಕೂಡ ನೋಡಿಸಿದೆ. ಮುಂಭಾಗ, ಹಿಂಭಾಗ ಒಂದೇ ಅಳತೆಯಲ್ಲಿ ಇಳಿಯದಿದ್ದರೆ ಬೆಳಕು ಬೀಳುವ ಜಾಗ ಬದಲಾಗುತ್ತದೆ, ಇದನ್ನು ಎಷ್ಟೋ ಜನ ಮರೆಯುತ್ತಾರೆ.

ಹಿಂದೆ ದಪ್ಪ ಆ್ಯಂಟಿ ರೋಲ್ ಬಾರ್, ಅಂದರೆ ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಕಂಬಿ, ಹಾಕುವ ಆಸೆ ಇತ್ತು. ಬಿಟ್ಟೆ. ಬಾರ್‌ನ ಬಿಗಿ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. 19 ಮಿಲಿಮೀಟರ್‌ನಿಂದ 21ಕ್ಕೆ ಹೋದರೆ ನೋಡಲು ಎರಡೇ ಮಿಲಿಮೀಟರ್, ಬಿಗಿ ಮಾತ್ರ ಸುಮಾರು 49 ಪರ್ಸೆಂಟ್ ಜಾಸ್ತಿ. ಟ್ವಿಸ್ಟ್ ಬೀಮ್ ತಾನೇ ಅರ್ಧ ಬಾರ್‌ನ ಕೆಲಸ ಮಾಡುತ್ತದೆ. ಅದರ ಮೇಲೆ ಇನ್ನೊಂದು ಹಾಕಿದರೆ ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರುವುದು ಬೇಗ. ಮನೆಯವರನ್ನು ಕೂರಿಸಿಕೊಂಡು ಓಡಿಸುವ ಕಾರಿಗೆ ಅದು ಬೇಡ.

ಈಗ ಹೇಗಿದೆ? ನಿಧಾನಕ್ಕೆ ಹೋಗುವಾಗ ರಸ್ತೆಯ ಸಣ್ಣ ಕೀಲು, ಚೂಪು ಅಂಚು ಕಂಪನಿ ಸೆಟ್‌ಗಿಂತ ಜಾಸ್ತಿಯೇ ಗೊತ್ತಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಪ್ರತಿ ಏಟೂ ಒಂದೇ ಏಟು. ಎದ್ದು, ಕೂತು, ಮುಗಿಯಿತು. ತಿರುವಿನ ನಡುವೆ ಉಬ್ಬು ಸಿಕ್ಕರೂ ಸ್ಟೀರಿಂಗ್ ಹಿಡಿದ ದಾರಿ ಬಿಡುವುದಿಲ್ಲ. ಅದೇ ದಾರಿಯಲ್ಲಿ ಹೋಗಿ ಬಂದು ಟೈ ನೋಡಿದೆ. ಬಂಪ್ ಸ್ಟಾಪ್‌ಗೆ ಇನ್ನೂ ಐದಾರು ಮಿಲಿಮೀಟರ್ ಬಾಕಿ ಇತ್ತು. ಬೆಟ್ಟದ ರಸ್ತೆಯಲ್ಲಿ ಅಪರೂಪಕ್ಕೆ ಮುಟ್ಟುತ್ತದೆ, ಮುಟ್ಟಿದರೂ ಹೊಸ ಸ್ಟಾಪ್ ಮೆತ್ತಗೆ ಹಿಡಿಯುತ್ತದೆ.

ಅಮ್ಮನನ್ನು ಮತ್ತೆ ಹಿಂದೆ ಕೂರಿಸಿಕೊಂಡು ಹೋದೆ, ಏನೂ ಹೇಳದೆ. ಅರ್ಧ ದಾರಿಯಲ್ಲಿ ಕನ್ನಡಿಯಲ್ಲಿ ನೋಡಿದರೆ ನಿದ್ದೆ ಹೋಗಿದ್ದರು.

ಮುಂದಿನ ಸಲ ಟೈರ್ ಬದಲಿಸುವಾಗ 17 ಇಂಚಿನ ಚಕ್ರ ಬಿಟ್ಟು 16ಕ್ಕೆ ಬರಬೇಕು ಅಂತಿದ್ದೇನೆ. ಈಗಿನದು 205/45 ಆರ್ 17, ಅಂದರೆ ಅಗಲ 205 ಮಿಲಿಮೀಟರ್, ಗೋಡೆಯ ಎತ್ತರ ಅದರ 45 ಪರ್ಸೆಂಟ್, ಚಕ್ರ 17 ಇಂಚು. ಅದರ ಬದಲು 205/50 ಆರ್ 16 ಹಾಕಿದರೆ ಒಟ್ಟು ವ್ಯಾಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಟೈರ್‌ನ ಗೋಡೆ ಮಾತ್ರ ಹತ್ತು ಮಿಲಿಮೀಟರ್ ಎತ್ತರವಾಗುತ್ತದೆ. ಚೂಪು ಅಂಚಿನ ಏಟನ್ನು ಆ ಹತ್ತು ಮಿಲಿಮೀಟರ್ ರಬ್ಬರ್ ಮತ್ತು ಗಾಳಿ ನುಂಗಿಕೊಳ್ಳಲಿ. ಬ್ರೇಕ್ ಕ್ಯಾಲಿಪರ್‌ಗೆ 16 ಇಂಚಿನ ಚಕ್ರ ತಾಗುತ್ತದೋ ಇಲ್ಲವೋ, ಅದನ್ನು ಮೊದಲು ಅಳೆದು ನೋಡಬೇಕು.