ಸಾವಯವ ತರಕಾರಿಗೆ ಹೆಚ್ಚು ಬೆಲೆ ಕೊಡುವ ಮುನ್ನ

ಜಯನಗರದ ಅಂಗಡಿಯಲ್ಲಿ 20 ರೂಪಾಯಿಯ ದಂಟಿನ ಸೊಪ್ಪಿನ ಪಕ್ಕದಲ್ಲೇ ‘ಸಾವಯವ’ ಎಂಬ ಚೀಟಿ ಅಂಟಿಸಿದ ಕಟ್ಟು 40 ರೂಪಾಯಿಗೆ ಕಂಡರೆ, ಹೆಚ್ಚಿನ 20 ರೂಪಾಯಿ ಯಾತಕ್ಕೆ ಎಂದು ಮೊದಲು ಯೋಚಿಸಬೇಕು. ಕಳೆನಾಶಕ ಬಿಟ್ಟ ರೈತರು ಆಳು ಹಚ್ಚಿ ಕಳೆ ಕೀಳಿಸಬೇಕು. ರಾಸಾಯನಿಕ ನಿಲ್ಲಿಸಿದ ಮೊದಲ ವರ್ಷಗಳಲ್ಲಿ ಇಳುವರಿ ಸಾಮಾನ್ಯವಾಗಿ ಕುಗ್ಗುತ್ತದೆ. ಪ್ರಮಾಣೀಕರಣಕ್ಕೆ ತರಕಾರಿಯಂಥ ಬೆಳೆಗಳಿಗೆ 2 ವರ್ಷ, ಮಾವು, ತೆಂಗಿನಂಥ ಬಹುವಾರ್ಷಿಕ ಬೆಳೆಗಳಿಗೆ 3 ವರ್ಷ ಪರಿವರ್ತನೆಯ ಅವಧಿಯೆಂದು ಕಾಯಬೇಕಾಗುತ್ತದೆ. ಈ ಶ್ರಮಕ್ಕೆ ಹೆಚ್ಚು ಬೆಲೆ ಕೊಡುವುದು ನ್ಯಾಯವೇ, ಆದರೆ ಬರಿಯ ಚೀಟಿಗೆ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪೊಟ್ಟಣದಲ್ಲಿ ಬರುವ ಪದಾರ್ಥವಾದರೆ, ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮಗಳ ಪ್ರಕಾರ ಬಂದ ‘ಜೈವಿಕ್ ಭಾರತ್’ ಗುರುತನ್ನು ಹುಡುಕಿ. ರೈತರ ಗುಂಪುಗಳೇ ಪರಸ್ಪರ ಪರಿಶೀಲಿಸುವ ಪಿಜಿಎಸ್ ವ್ಯವಸ್ಥೆಯಲ್ಲಿ ‘ಗ್ರೀನ್’ ಎಂದರೆ ಇನ್ನೂ ಪರಿವರ್ತನೆಯಲ್ಲಿರುವ ಜಮೀನು, ‘ಆರ್ಗ್ಯಾನಿಕ್’ ಎಂದರೆ ಆ ಅವಧಿ ಮುಗಿಸಿದ್ದು. ‘ನೈಸರ್ಗಿಕ’, ‘ತೋಟದಿಂದ ನೇರ’ ಎಂಬ ಮಾತುಗಳು ಪ್ರಮಾಣಪತ್ರವಲ್ಲ.

ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ರೈತರಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇರುವುದರಿಂದ, ವಾರದ ಸಂತೆಯಲ್ಲಿ ಮಾತೇ ಆಧಾರ. ‘ಅವರೆಗೆ ಹೇನು ಬಿದ್ದರೆ ಏನು ಹೊಡೀತೀರಿ, ಅಣ್ಣಾ?’ ಎಂದು ಕೇಳಿ ನೋಡಿ. ನಿಜವಾಗಿ ಬೆಳೆದವರು ಬೇವಿನ ಬೀಜವನ್ನು ಎಷ್ಟು ಹೊತ್ತು ನೆನೆಸುತ್ತಾರೆ, ಕಷಾಯವನ್ನು ಸಂಜೆಯೇ ಏಕೆ ಸಿಂಪಡಿಸುತ್ತಾರೆ, ಕಳೆದ ಸಲ ಎಷ್ಟು ಬೆಳೆ ಹೋಯಿತು ಎಂಬುದನ್ನೆಲ್ಲ ತಡವರಿಸದೆ ಹೇಳುತ್ತಾರೆ. ನೀರು ಕೊಳವೆಬಾವಿಯದೋ, ಕೊಳಚೆ ಸೇರುವ ಕೆರೆಯದೋ ಎಂಬುದನ್ನೂ ತಪ್ಪದೆ ಕೇಳಿ. ನಮ್ಮ ಊರಿನ ಸುತ್ತ ಸೊಪ್ಪು ಕೊಳ್ಳುವವರಿಗೆ ಇದು ಕೀಟನಾಶಕದಷ್ಟೇ ಮುಖ್ಯವಾದ ಪ್ರಶ್ನೆ. ಎಲೆಯಲ್ಲಿ ತೂತಿದ್ದ ಮಾತ್ರಕ್ಕೆ ಔಷಧಿ ಹೊಡೆದಿಲ್ಲವೆಂದು ನಂಬಬೇಡಿ, ಹುಳು ತಿಂದ ಮೇಲೂ ಹೊಡೆಯುವುದುಂಟು.

ಎಲ್ಲವನ್ನೂ ಸಾವಯವವೇ ಕೊಳ್ಳಲು ಕೈ ಸಾಲದಿದ್ದರೆ ಹೂಕೋಸು, ಬದನೆ, ಹಸಿಮೆಣಸಿನಕಾಯಿ, ದ್ರಾಕ್ಷಿಯಂಥ ಹೆಚ್ಚು ಸಿಂಪಡಣೆ ಕಾಣುವ ಬೆಳೆಗಳಿಗೆ ಮೊದಲು ಹಣ ತೆಗೆದಿಡಿ. ತೊಳೆದರೆ ಮೇಲ್ಮೈಯ ಅಂಶ ಸ್ವಲ್ಪ ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ರಾಗಿಗೆ ಕೀಟಬಾಧೆ ಕಡಿಮೆ. ತೆಂಗಿನಕಾಯಿಗೆ ದಪ್ಪ ಸಿಪ್ಪೆಯ ರಕ್ಷಣೆಯಿದೆ. ಇವನ್ನು ಆಮೇಲೆ ನೋಡಿಕೊಳ್ಳಬಹುದು. ಬೆಲೆ ಹೋಲಿಸುವಾಗ ಕಟ್ಟಿನ ಲೆಕ್ಕ ಬಿಟ್ಟು ತೂಕದ ಲೆಕ್ಕ ಹಿಡಿಯಿರಿ, ಸಾವಯವ ಕಟ್ಟುಗಳು ಎಷ್ಟೋ ಸಲ ಚಿಕ್ಕದಾಗಿರುತ್ತವೆ. ಉತ್ತರ ಒಪ್ಪಿಗೆಯಾದ ರೈತರ ಬಳಿ ಚೌಕಾಸಿ ಮಾಡದೆ, ಮುಂದಿನ ವಾರಕ್ಕೆ ಬೇಕಾದದ್ದನ್ನು ಅಲ್ಲೇ ಹೇಳಿಟ್ಟು ಬನ್ನಿ.