ಹೆಣ್ಣು ಗೋಸುಂಬೆ ಸಾಕಿದ್ದೀರಾ? ಮರಳಿನ ಡಬ್ಬ ಮೊದಲೇ ರೆಡಿ ಇರಲಿ

ಅಮೆರಿಕದ ಪೆಟ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಗೋಸುಂಬೆ ಎಂದರೆ ವೇಲ್ಡ್ ಕಮೀಲಿಯನ್. ಇದರ ಮೂಲ ಯೆಮೆನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಭಾಗ. ನೆತ್ತಿಯ ಮೇಲೆ ಎತ್ತರದ ಜುಟ್ಟು, ಮೈಯೆಲ್ಲ ತಿಳಿ ಹಸಿರು. ಅಲ್ಲಿರುವ ನಮ್ಮವರ ಮಕ್ಕಳೂ ಹಟ ಹಿಡಿದು ಒಂದನ್ನು ಮನೆಗೆ ತಂದಿರಬಹುದು. ತಂದದ್ದು ಹೆಣ್ಣಾದರೆ ಒಂದು ವಿಷಯ ಗೊತ್ತಿರಲೇಬೇಕು. ಫಾರಂ ಕೋಳಿ ಹುಂಜವಿಲ್ಲದೆ ಮೊಟ್ಟೆ ಇಡುವ ಹಾಗೆ ಇದೂ ಗಂಡಿನ ಮುಖ ನೋಡದೆಯೇ ಮೊಟ್ಟೆ ಇಡುತ್ತದೆ. ಇಡಲು ಜಾಗ ಸಿಗದಿದ್ದರೆ ಹೊಟ್ಟೆಯಲ್ಲೇ ಹಿಡಿದುಕೊಂಡು ಸತ್ತೂ ಹೋಗುತ್ತದೆ.

ಮೊದಲು ಹೆಣ್ಣೋ ಗಂಡೋ ನೋಡಿ

ಹಿಂಗಾಲಿನ ಹಿಮ್ಮಡಿ ನೋಡಿದರೆ ಸಾಕು. ಅಲ್ಲಿ ಚಿಕ್ಕ ಉಬ್ಬು ಇದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ಮರಿ ಹುಟ್ಟಿದಾಗಲೇ ಈ ಗುರುತು ಇರುತ್ತದೆ. ಹೆಣ್ಣು ಎಂದು ಖಚಿತವಾದರೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ತಯಾರಿ ಶುರು ಮಾಡಿ. ನಾಲ್ಕರಿಂದ ಆರು ತಿಂಗಳೊಳಗೆ ಅದು ಪ್ರಾಯಕ್ಕೆ ಬಂದುಬಿಡುತ್ತದೆ.

ಬಣ್ಣ ಏನು ಹೇಳುತ್ತದೆ

ಎಳೆಯ ಹೆಣ್ಣಿನ ಮೈ ಹೆಚ್ಚುಕಡಿಮೆ ಒಂದೇ ಹಸಿರು. ಪ್ರಾಯಕ್ಕೆ ಬಂದಾಗ ಪಕ್ಕೆಗಳ ಮೇಲೆ ತಿಳಿನೀಲಿ ಚುಕ್ಕೆ, ಸಾಸಿವೆ ಹಳದಿಯ ಮಚ್ಚೆ ಮೂಡುತ್ತವೆ. ಗಂಡು ಎದುರಾದರೂ ಸುಮ್ನೆ ಕೂತಿರುತ್ತದೆ. ಒಪ್ಪಿಗೆ ಇದೆ ಎಂದರ್ಥ.

ಗಂಡಿನ ಜೊತೆ ಕೂಡಿದ ಮೇಲೆ ಬಣ್ಣ ಪೂರ್ತಿ ಬೇರೆ. ಒಂದೆರಡು ದಿನದಲ್ಲೇ ಮೈ ಕಡು ಹಸಿರಾಗಿ, ಕಪ್ಪಿಗೆ ತಿರುಗುತ್ತದೆ. ಅದರ ಮೇಲೆ ಹಳದಿ ಮತ್ತು ನೀಲಿ ಮಚ್ಚೆಗಳು ಎದ್ದು ಕಾಣುತ್ತವೆ. ಗಂಡು ಹತ್ತಿರ ಬಂದರೆ ಬಾಯಿ ಅಗಲಿಸಿ, ಮೈ ತೂಗಾಡಿಸಿ, ಬುಸ್ ಎನ್ನುತ್ತದೆ. ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಯಲ್ಲಿ ಒಪ್ಪಿಗೆಯ ಬಣ್ಣ ತಿಳಿ ಗುಲಾಬಿ ಅಥವಾ ಕಿತ್ತಳೆ. ಬಸಿರಾದಾಗ ಅದು ಕಂದುಗಪ್ಪು, ಮೇಲೆ ಕಿತ್ತಳೆ ಪಟ್ಟೆ.

ಬಣ್ಣವನ್ನೇ ಪೂರ್ತಿ ನಂಬಬೇಡಿ. ಬೆಳಗಿನ ಚಳಿಗೆ ಬಿಸಿಲು ಹೀರಲೂ ಗೋಸುಂಬೆ ಕಪ್ಪಾಗುತ್ತದೆ, ಹೆದರಿದರೂ ಆಗುತ್ತದೆ, ಕಾಯಿಲೆ ಬಿದ್ದರೂ ಆಗುತ್ತದೆ. ಕಪ್ಪಿನ ಜೊತೆಗೆ ಹೊಳೆಯುವ ಮಚ್ಚೆ ಇದೆಯಾ ಎಂದು ನೋಡಿ. ಗಂಡಿನ ಸಂಗವಿಲ್ಲದ ಹೆಣ್ಣಿನಲ್ಲಂತೂ ಕಡು ಬಣ್ಣ ಬರದೆಯೇ ಮೊಟ್ಟೆ ತಯಾರಾಗಿರಬಹುದು. ಅದರ ನಡವಳಿಕೆಯನ್ನು ನಂಬುವುದೇ ವಾಸಿ: ಊಟ ಕಡಿಮೆಯಾಗುತ್ತದೆ, ಹೊಟ್ಟೆಯ ಪಕ್ಕ ಉಬ್ಬುತ್ತದೆ, ಸದಾ ಕೊಂಬೆಯ ಮೇಲೇ ಇರುವ ಪ್ರಾಣಿ ಗೂಡಿನ ನೆಲದಲ್ಲಿ ಅತ್ತಿಂದಿತ್ತ ಓಡಾಡಿ ಮೂಲೆ ಕೆರೆಯುತ್ತದೆ.

ಮರಳಿನ ಡಬ್ಬ

ಕನಿಷ್ಠ ಒಂದು ಅಡಿ ಆಳ, ಒಂದು ಅಡಿ ಉದ್ದ-ಅಗಲದ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಒಳಗೆ ಮಕ್ಕಳು ಆಡುವ ತೊಳೆದ ಮರಳು ತುಂಬಿ. ತೆಂಗಿನ ನಾರಿನ ಪುಡಿ, ತೋಟದ ಮಣ್ಣು ಬೆರೆಸುವವರೂ ಇದ್ದಾರೆ. ನನ್ನ ಓಟು ಬರೀ ಮರಳಿಗೆ. ನಾರಿನ ಪುಡಿಯಲ್ಲಿ ಸುರಂಗ ಬೇಗ ಕುಸಿಯುತ್ತದೆ.

ಹದ ಬಹಳ ಮುಖ್ಯ. ನೀರು ಹಾಕಿ ಕಲಸಿ, ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಹಿಂಡಿ. ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಆಮೇಲೆ ಡಬ್ಬದೊಳಗೆ ಬೆರಳಿನಿಂದ ಒಂದು ತೂತು ಮಾಡಿ. ಬೆರಳು ತೆಗೆದ ಮೇಲೂ ಅದು ಹಾಗೇ ನಿಂತರೆ ಹದ ಸರಿ. ಕುಸಿದರೆ ಇನ್ನಷ್ಟು ನೀರು ಬೇಕು. ಡಬ್ಬವನ್ನು ಗೂಡಿನಲ್ಲೇ ಕಾಯಂ ಇಟ್ಟುಬಿಡಿ, ಅದರೊಳಗೆ ಇಳಿಯಲು ಒಂದು ಕೊಂಬೆ ಇರಲಿ.

ಅಗೆಯಲು ಶುರುವಾದರೆ

ಗೂಡಿನ ಸುತ್ತ ಬಟ್ಟೆ ಕಟ್ಟಿ, ದೂರ ಇರಿ. ಯಾರೋ ನೋಡುತ್ತಿದ್ದಾರೆ ಎನಿಸಿದರೆ ಅರ್ಧ ತೋಡಿದ ಗುಂಡಿ ಬಿಟ್ಟು ಮೇಲೆ ಹತ್ತುತ್ತದೆ. ಮೊಬೈಲ್ ಹಿಡಿದು ವಿಡಿಯೊ ಮಾಡುವ ಆಸೆ ಬೇಡ. ತಲೆ ಮುಂದಿಟ್ಟು ಓರೆಯಾಗಿ ಸುರಂಗ ತೋಡುತ್ತದೆ, ಒಳಗೇ ತಿರುಗಿಕೊಂಡು ಮೊಟ್ಟೆ ಇಡುತ್ತದೆ, ಆಮೇಲೆ ಮರಳು ಮುಚ್ಚಿ ಕಾಲಿನಿಂದ ತಟ್ಟುತ್ತದೆ. ರಾತ್ರಿಯಿಡೀ ಸುರಂಗದಲ್ಲೇ ಇದ್ದರೂ ಲೈಟ್ ಹಾಕಿ ಇಣುಕಬೇಡಿ. ಒಂದೆರಡು ದಿನ ಹಿಡಿಯಬಹುದು.

ಮೇಲೆ ಬಂದಾಗ ಮೈ ಸೊರಗಿ, ಹೊಟ್ಟೆ ಬತ್ತಿರುತ್ತದೆ. ಹೊತ್ತು ಹೊತ್ತು ನೀರು ಸಿಂಪಡಿಸಿ, ಬೇಕಾದಷ್ಟು ಕುಡಿಯಲಿ. ಎರಡು ಮೂರು ದಿನ ಕ್ಯಾಲ್ಸಿಯಂ ಪುಡಿ ಸವರಿದ ಜೀರುಂಡೆ ಹೊಟ್ಟೆ ತುಂಬ ಕೊಡಿ.

ಯಾವಾಗ ಡಾಕ್ಟರ್ ಬೇಕು

ಹಲವು ಕಡೆ ಗುಂಡಿ ತೋಡಿ ಎಲ್ಲೂ ಇಡದಿದ್ದರೆ, ಹಗಲು ಹೊತ್ತು ಕಣ್ಣು ಮುಚ್ಚಿ ಕೂತರೆ, ಕಣ್ಣು ಗುಳಿ ಬಿದ್ದಿದ್ದರೆ, ಕೊಂಬೆ ಹಿಡಿಯಲಾಗದೆ ನೆಲದಲ್ಲೇ ಬಿದ್ದಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ನಾಳೆ ನೋಡೋಣ ಅನ್ನಬೇಡಿ. ಸರೀಸೃಪ ನೋಡಿ ಗೊತ್ತಿರುವ ಡಾಕ್ಟರ್ ಎಕ್ಸ್-ರೇ ತೆಗೆದು ಇಂಜೆಕ್ಷನ್ನೋ ಆಪರೇಷನ್ನೋ ತೀರ್ಮಾನಿಸುತ್ತಾರೆ. ಕ್ಯಾಲ್ಸಿಯಂ ಕೊರತೆ ಇದಕ್ಕೆ ದೊಡ್ಡ ಕಾರಣ. ಅದಕ್ಕೇ ದಿನವೂ ಯುವಿಬಿ ದೀಪ (ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕೊಡುವ ದೀಪ) ಬೇಕು, ಮೇವಿಗೆ ಕ್ಯಾಲ್ಸಿಯಂ ಬೇಕು.

ಮುಂದಿನ ಸರದಿ

ಮೂರು ನಾಲ್ಕು ತಿಂಗಳಿಗೆ ಮತ್ತೆ ಇದೇ ಕಥೆ ಬರಬಹುದು. ಗಂಡಿನ ವೀರ್ಯ ಒಳಗೆ ಉಳಿದಿರುವುದರಿಂದ, ಒಮ್ಮೆ ಕೂಡಿದ ಹೆಣ್ಣು ಮುಂದಿನ ಸಲವೂ ಮರಿಯಾಗುವ ಮೊಟ್ಟೆ ಇಡಬಲ್ಲದು. ಅಂಥ ಮೊಟ್ಟೆಗಳನ್ನು ತಿರುಗಿಸದೆ, ಹೇಗಿದ್ದವೋ ಹಾಗೇ ಎತ್ತಿ ಒದ್ದೆ ವರ್ಮಿಕ್ಯುಲೈಟ್‌ನಲ್ಲಿ (ನೀರು ಹಿಡಿದಿಡುವ ಹಗುರ ಖನಿಜದ ಹರಳು) ಅರ್ಧ ಹೂಳಬೇಕು. ಸುಮಾರು 26ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮರಿಯಾಗಲು ಆರರಿಂದ ಒಂಬತ್ತು ತಿಂಗಳು ಹಿಡಿಯುತ್ತದೆ. ಮರಿ ಬೇಡದವರು ಫ್ರೀಜರ್‌ನಲ್ಲಿಟ್ಟು ಎಸೆಯಿರಿ.

ಒಂದೇ ಸಲಕ್ಕೆ 50, 60 ಮೊಟ್ಟೆ ಇಡುವುದು ಹೆಣ್ಣಿಗೆ ಹೊರೆ. ಊಟ ಮತ್ತು ಬಿಸಿ ಜಾಸ್ತಿಯಾದಷ್ಟೂ ಸಂಖ್ಯೆಯೂ ಜಾಸ್ತಿ. ಬೆಳೆದ ಹೆಣ್ಣಿಗೆ ದಿನ ಬಿಟ್ಟು ದಿನ ನಾಲ್ಕೈದು ಹುಳ ಸಾಕು, ಬಿಸಿ ಕಾಯುವ ಜಾಗದ ಉಷ್ಣತೆ 27 ಡಿಗ್ರಿಯ ಆಸುಪಾಸಿನಲ್ಲಿರಲಿ.

ಊರಲ್ಲಿರುವವರಿಗೆ ಒಂದು ಮಾತು. ನಮ್ಮ ಹೊಲ, ಬೇಲಿಗಳಲ್ಲಿ ಕಾಣುವ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದನ್ನು ಹಿಡಿದು ತಂದು ಸಾಕುವುದು ಅಪರಾಧ.